ಅಜ್ಜಿಯ ಎರಡು ಏಕಾದಶಿ

ಮೊನ್ನೆ ಅಮ್ಮ ಫೋನಿನಲ್ಲಿ, "ಎದುರುಮನೆಯವರ ಏಕಾದಶಿ ಇವತ್ತು, ನಮ್ಮದು ನಾಳೆ" ಅಂದಳು. ಇದೇನು ಹೊಸ ಸುದ್ದಿಯಲ್ಲ ಬಿಡಿ. ನೀವು ಸ್ಮಾರ್ತರ ಮನೆ ಪಕ್ಕ ಮಾಧ್ವರು ಇರುವ ಬೀದಿಯಲ್ಲಿ ಬೆಳೆದಿದ್ದರೆ ಇಂಥದ್ದು ನೂರು ಸಲ ಕೇಳಿರುತ್ತೀರಿ. ಆದರೆ ಫೋನ್ ಇಟ್ಟ ಮೇಲೆ ಅಜ್ಜಿ ನೆನಪಾದಳು. ಅವಳದು ಬೇರೆಯೇ ಕಥೆ. ನಮ್ಮ ಮನೆಯೊಳಗೇ ಎರಡು ಏಕಾದಶಿ ಬರುತ್ತಿದ್ದವು!

ಬಾಗಲಕೋಟೆಯ ಹಳೆಯ ಮನೆ. ದೇವರ ಕೋಣೆಯ ಬಾಗಿಲ ಪಕ್ಕ ಒಂದು ಮೊಳೆ, ಆ ಮೊಳೆಗೆ ಎರಡು ಪಂಚಾಂಗ. ಒಂದು ಮಠದ್ದು, ಸೂರ್ಯಸಿದ್ಧಾಂತದ ಲೆಕ್ಕದ್ದು, ಅಜ್ಜಿಯ ತವರಿನಿಂದ ಬಂದ ರೂಢಿ. ಇನ್ನೊಂದು ಅಜ್ಜ ತರಿಸುತ್ತಿದ್ದ ದೃಕ್ ಪಂಚಾಂಗ. ಅಜ್ಜ ಶಾಲೆಯಲ್ಲಿ ಗಣಿತ ಹೇಳುತ್ತಿದ್ದವರು, "ಆಕಾಶದಾಗ ಕಾಣೋದು ಹಾಳ್ಯಾಗ ಇರಬೇಕು" ಅನ್ನುವ ಪೈಕಿ. ಹೆಚ್ಚಿನ ಸಲ ಎರಡರಲ್ಲೂ ಏಕಾದಶಿ ಒಂದೇ ದಿನ. ವರ್ಷಕ್ಕೆ ಒಂದೆರಡು ಸಲ ಮಾತ್ರ ಹಿಂದೆಮುಂದೆ. ಆಗ ಅಜ್ಜ ತಮ್ಮ ಪಂಚಾಂಗದ ದಿನ ಉಪವಾಸ ಮಾಡಿ ಮರುದಿನ ಬೆಳಿಗ್ಗೆ ಊಟಕ್ಕೆ ಕೂರುತ್ತಿದ್ದರು. ಅಜ್ಜಿ ಗಂಡನ ದಿನವನ್ನೂ ಬಿಡಲಿಲ್ಲ, ತವರಿನ ದಿನವನ್ನೂ ಬಿಡಲಿಲ್ಲ. ಎರಡೂ ದಿನ ಉಪವಾಸ. ತೀರ್ಥ ಬಿಟ್ಟರೆ ಹನಿ ನೀರಿಲ್ಲ. ಅದರ ಮೇಲೆ ಗಂಡನ ಪಾರಣೆಗೆ ಅಡುಗೆ ಬೇರೆ.

ಒಂದು ಬೇಸಿಗೆಯಲ್ಲಿ ಎರಡನೇ ದಿನ ಮಧ್ಯಾಹ್ನ ಅಜ್ಜಿ ತುಳಸಿಕಟ್ಟೆಯ ಹತ್ತಿರ ಕುಸಿದು ಕೂತಳು. ಆಗ ಅವಳಿಗೆ ಎಪ್ಪತ್ತು ದಾಟಿತ್ತು. ಅಜ್ಜ ಹೌಹಾರಿ, "ನಿನ್ನೆನೇ ಆಗ್ಯದ, ಇವತ್ತು ದ್ವಾದಶಿ, ನೀರು ಕುಡಿ" ಅಂತ ಲೋಟ ಹಿಡಿದು ನಿಂತರು. ಅವಳು ಕುಡಿಯಲಿಲ್ಲ. "ನಿಮ್ಮ ಲೆಕ್ಕ ತಪ್ಪಿದ್ರ?" ಅಂತ ಒಂದೇ ಮಾತು.

ಅಜ್ಜ ಉತ್ತರ ಕೊಡಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಓದಿದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಸಹಿಸಿಕೊಳ್ಳಿ.

ಮೊದಲು ಎದುರುಮನೆಯ ಜಗಳ ಮುಗಿಸಿಬಿಡೋಣ, ಅದು ಸುಲಭ. ಚಂದ್ರ ಸೂರ್ಯನಿಗಿಂತ 12 ಡಿಗ್ರಿ ಮುಂದೆ ಹೋದರೆ ಒಂದು ತಿಥಿ. ಇಂಥ 30 ಸೇರಿದರೆ ಒಂದು ಚಾಂದ್ರಮಾಸ. ತಿಥಿ ಮಧ್ಯರಾತ್ರಿಗೋ ಸೂರ್ಯೋದಯಕ್ಕೋ ಕಾದು ಬದಲಾಗುವುದಿಲ್ಲ, ಹಗಲುರಾತ್ರಿ ಯಾವ ಹೊತ್ತಿಗಾದರೂ ಮುಗಿಯಬಹುದು. ಹಾಗಾದರೆ ಉಪವಾಸದ ದಿನ ಯಾವುದು? ದಶಮಿಯ ಸೋಂಕು ಇರಬಾರದು ಅನ್ನುವುದು ಎಲ್ಲರೂ ಒಪ್ಪಿದ ಮಾತು. ಸೋಂಕನ್ನು ಎಲ್ಲಿಂದ ಎಣಿಸಬೇಕು ಅನ್ನುವಲ್ಲಿ ದಾರಿ ಬೇರೆ. ಸ್ಮಾರ್ತರು ಸಾಮಾನ್ಯವಾಗಿ ಸೂರ್ಯೋದಯ ನೋಡುತ್ತಾರೆ. ಮಾಧ್ವರು, ಬೇರೆ ಕೆಲವು ವೈಷ್ಣವರು ಅರುಣೋದಯ ನೋಡುತ್ತಾರೆ, ಅಂದರೆ ಸೂರ್ಯೋದಯಕ್ಕೆ ನಾಲ್ಕು ಘಳಿಗೆ, 96 ನಿಮಿಷ ಮುಂಚೆ. ಬೆಳಿಗ್ಗೆ 5-15ಕ್ಕೆ ದಶಮಿ ಮುಗಿದು 6-20ಕ್ಕೆ ಸೂರ್ಯ ಹುಟ್ಟಿದ ಅಂದುಕೊಳ್ಳಿ. ಎದುರುಮನೆಯವರಿಗೆ ಅವತ್ತೇ ಏಕಾದಶಿ. ನಮಗೆ 4-44ರ ಅರುಣೋದಯದಲ್ಲಿ ದಶಮಿ ಇಣುಕಿದ್ದರಿಂದ ಮರುದಿನ.

ಇದನ್ನು ನಮ್ಮ ಹಿರಿಯರು ಎಷ್ಟು ತಲೆಕೆಡಿಸಿಕೊಂಡು ಬರೆದಿದ್ದಾರೆ ಅಂದರೆ ಆಶ್ಚರ್ಯವಾಗುತ್ತದೆ. ಮಧ್ವಾಚಾರ್ಯರ ಕೃಷ್ಣಾಮೃತಮಹಾರ್ಣವದಲ್ಲಿ ದೊಡ್ಡ ಭಾಗ ಏಕಾದಶಿಗೇ ಮೀಸಲು. ದೇವಗಿರಿಯ ಯಾದವರ ಮಂತ್ರಿ ಹೇಮಾದ್ರಿ 13ನೇ ಶತಮಾನದಲ್ಲಿ ವ್ರತಗಳದೇ ಒಂದು ಸಾಗರ ಬರೆದ. 14ನೇ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯರು ಕಾಲನಿರ್ಣಯಕ್ಕೇ ಒಂದು ಪುಸ್ತಕ ಬರೆದರು, ಕಾಲಮಾಧವ ಅಂತ. 1612ರಲ್ಲಿ ಕಾಶಿಯ ಕಮಲಾಕರ ಭಟ್ಟರ ನಿರ್ಣಯಸಿಂಧು, 1790ರಲ್ಲಿ ಪಂಢರಾಪುರದ ಕಾಶೀನಾಥ ಉಪಾಧ್ಯಾಯರ ಧರ್ಮಸಿಂಧು. ಆದರೆ ಒಂದು ಗಮನಿಸಿ. ಇವೆಲ್ಲ ತಿಥಿ ಇಂಥ ಹೊತ್ತಿಗೆ ಮುಗಿದರೆ ಏನು ಮಾಡಬೇಕು ಅಂತ ಹೇಳುವ ಪುಸ್ತಕಗಳು. ಅದು ಎಷ್ಟು ಹೊತ್ತಿಗೆ ಮುಗಿಯಿತು ಅನ್ನುವುದು ಜ್ಯೋತಿಷಿಯ ಕೆಲಸ. ನಮ್ಮ ಮನೆಯ ಮೊಳೆಯ ಮೇಲಿದ್ದ ಜಗಳ ಈ ಎರಡನೆಯದು.

ಚಂದ್ರ ಒಂದೇ ವೇಗದಲ್ಲಿ ಓಡುವ ಪ್ರಾಣಿಯಲ್ಲ. ಭೂಮಿಗೆ ಹತ್ತಿರವಿದ್ದಾಗ ಬಿರುಸು, ದೂರವಿದ್ದಾಗ ನಿಧಾನ. ಇದನ್ನು ಸೂರ್ಯಸಿದ್ಧಾಂತ ಚೆನ್ನಾಗಿಯೇ ಲೆಕ್ಕಕ್ಕೆ ತೆಗೆದುಕೊಂಡಿದೆ. ಚಂದ್ರನ ಸ್ಥಾನಕ್ಕೆ ಅದು ಕೊಡುವ ಅತಿ ಹೆಚ್ಚಿನ ತಿದ್ದುಪಡಿ ಸುಮಾರು 5 ಡಿಗ್ರಿ. ಆದರೆ ಇದರ ಮೇಲೆ ಸೂರ್ಯನ ಎಳೆತವೂ ಇದೆ. ಅದರಿಂದ ಆ ತಿದ್ದುಪಡಿ ಅಮಾವಾಸ್ಯೆ ಹುಣ್ಣಿಮೆಗಳಲ್ಲಿ 5 ಡಿಗ್ರಿಯ ಹತ್ತಿರವೇ ಇದ್ದರೂ ಅಷ್ಟಮಿಯ ಸುಮಾರಿಗೆ ಏಳೂವರೆ ಡಿಗ್ರಿಯವರೆಗೆ ಹೋಗುತ್ತದೆ. ಅಂದರೆ ಹಳೆಯ ಲೆಕ್ಕ ಅಮಾವಾಸ್ಯೆ ಹುಣ್ಣಿಮೆಗೆ ಸರಿಯಾಗಿ ಕೂರುತ್ತದೆ, ನಡುವಿನ ತಿಥಿಗಳಲ್ಲಿ ಜಾರುತ್ತದೆ. ಯಾಕೆ ಹೀಗೆ? ಹಳೆಯ ಗಣಿತಜ್ಞರು ತಮ್ಮ ಲೆಕ್ಕವನ್ನು ಒರೆಗೆ ಹಚ್ಚಿದ್ದು ಗ್ರಹಣದಲ್ಲಿ. ಗ್ರಹಣ ಆಗುವುದೇ ಅಮಾವಾಸ್ಯೆ ಹುಣ್ಣಿಮೆಯಲ್ಲಿ.

ಇದನ್ನು ಓದಿದಾಗ ನನಗೆ ಅಜ್ಜಿಯ ಪ್ರಶ್ನೆ ತಟ್ಟನೆ ಅರ್ಥವಾಯಿತು. ಗ್ರಹಣದ ಹೊತ್ತು ತಪ್ಪಿದರೆ ಊರಿಗೆ ಊರೇ ನಗುತ್ತದೆ. ಕೆರೆಯಲ್ಲಿ ಮುಳುಗಿ ನಿಂತವರು ಪಂಚಾಂಗದ ಜೋಯಿಸರನ್ನು ಬಿಡುತ್ತಾರೆಯೇ? ಏಕಾದಶಿಯನ್ನು ಯಾರು ನೋಡಿದ್ದಾರೆ? ಚಂದ್ರ 120 ಡಿಗ್ರಿ ದಾಟಿದ ಕ್ಷಣ ಆಕಾಶದಲ್ಲಿ ಏನೂ ಆಗುವುದಿಲ್ಲ. ಹಸಿದು ಕೂತವಳಿಗೆ ಅದನ್ನು ಪರೀಕ್ಷಿಸಲು ದಾರಿಯೇ ಇಲ್ಲ, ಹಾಳೆಯಲ್ಲಿ ಅಚ್ಚಾದದ್ದನ್ನು ನಂಬಬೇಕು. ಅದಕ್ಕೇ ಇರಬೇಕು, ಸೂರ್ಯಸಿದ್ಧಾಂತವನ್ನು ಬಿಡದ ಎಷ್ಟೋ ಪಂಚಾಂಗಗಳು ಗ್ರಹಣವನ್ನು ಮಾತ್ರ ಸದ್ದಿಲ್ಲದೆ ದೃಗ್ಗಣಿತದಿಂದ ಹಾಕಿಕೊಂಡಿವೆ. ಗ್ರಹಣಕ್ಕೊಂದು ಲೆಕ್ಕ, ಉಪವಾಸಕ್ಕೊಂದು ಲೆಕ್ಕ! ನನಗಂತೂ ಇದು ಸರಿ ಕಾಣುವುದಿಲ್ಲ.

ಹಾಗಂತ ನಮ್ಮವರು ಕಣ್ಣುಮುಚ್ಚಿ ಕೂತಿದ್ದರು ಅಂತಲ್ಲ. ಕೇರಳದ ವಟಶ್ಶೇರಿ ಪರಮೇಶ್ವರ 55 ವರ್ಷ ಗ್ರಹಣಗಳನ್ನು ಕಣ್ಣಾರೆ ನೋಡಿ 1431ರಲ್ಲಿ ದೃಗ್ಗಣಿತ ಬರೆದ. ದೃಕ್ ಅಂದರೆ ಕಣ್ಣು, ನೋಟ. ಕೊಂಕಣದ ನಂದಿಗ್ರಾಮದ ಗಣೇಶ ದೈವಜ್ಞನ ಗ್ರಹಲಾಘವ 1520ರದ್ದು, ಮಹಾರಾಷ್ಟ್ರ ಮತ್ತು ನಮ್ಮ ಉತ್ತರ ಕರ್ನಾಟಕದ ಜೋಯಿಸರು ಬಹಳ ಕಾಲ ಅದನ್ನೇ ಹಿಡಿದು ಪಂಚಾಂಗ ಮಾಡಿದರು. ನನಗೆ ಎಲ್ಲರಿಗಿಂತ ಇಷ್ಟವಾದವನು ಒಡಿಶಾದ ಸಾಮಂತ ಚಂದ್ರಶೇಖರ. ಹುಟ್ಟಿದ್ದು 1835. ದೂರದರ್ಶಕವಿಲ್ಲ, ಬಿದಿರು ಮರದ ಉಪಕರಣಗಳನ್ನು ತಾನೇ ಮಾಡಿಕೊಂಡು ಚಂದ್ರನ ಈ ಓರೆಕೋರೆಗಳನ್ನೆಲ್ಲ ಸ್ವತಃ ಹಿಡಿದ. ಅವನ ಸಿದ್ಧಾಂತದರ್ಪಣ 1899ರಲ್ಲಿ ಅಚ್ಚಾಯಿತು. ಪುರಿ ಜಗನ್ನಾಥನ ಸೇವೆಗಳಿಗೆ ಅವನ ಲೆಕ್ಕ ಒಪ್ಪಿಗೆಯಾಯಿತು. ಜಗನ್ನಾಥನಿಗೇ ಆದದ್ದು ನಮಗೆ ಯಾಕೆ ಆಗಬಾರದು ಅಂತ ಅಜ್ಜ ಕೇಳಬಹುದಿತ್ತು. ಅವರಿಗೆ ಗೊತ್ತಿರಲಿಲ್ಲವೋ ಏನೋ.

ಆದರೆ ಅಜ್ಜನಿಗೆ ಚೆನ್ನಾಗಿ ಗೊತ್ತಿದ್ದ ಒಬ್ಬರು ನಮ್ಮೂರಲ್ಲೇ ಇದ್ದು ಹೋದವರು. ವೆಂಕಟೇಶ ಬಾಪೂಜಿ ಕೇತಕರ. 1854ರಲ್ಲಿ ನರಗುಂದದಲ್ಲಿ ಹುಟ್ಟಿದವರು, ಅಂದರೆ ಬಾಬಾಸಾಹೇಬನ ಬಂಡಾಯಕ್ಕೆ ನಾಲ್ಕು ವರ್ಷ ಮುಂಚೆ. ಮೇಷ್ಟರ ಕೆಲಸ, ಬಾಗಲಕೋಟೆಯಲ್ಲಿ ವಾಸ. ಪಾಶ್ಚಾತ್ಯರ ಹೊಸ ಗಣಿತವನ್ನು ಅರೆದು ಕುಡಿದು ಸಂಸ್ಕೃತದಲ್ಲಿ ಜ್ಯೋತಿರ್ಗಣಿತ, ಕೇತಕೀ ಗ್ರಹಗಣಿತ ಬರೆದರು. ಗ್ರೀನಿಚ್‌ನ ಪುಸ್ತಕ ಮುಟ್ಟದ ಜೋಯಿಸರೂ ಶ್ಲೋಕ ಹಿಡಿದು ಸರಿಯಾದ ತಿಥಿ ಹಾಕಬಹುದು ಅನ್ನುವ ಹಾಗೆ. 1911ರಲ್ಲಿ ನೆಪ್ಚೂನಿನಾಚೆ ಇನ್ನೂ ಗ್ರಹ ಇರಬೇಕು ಅಂತ ಫ್ರಾನ್ಸಿನ ಪತ್ರಿಕೆಗೆ ಲೇಖನ ಕಳಿಸಿದ್ದರು. ಪ್ಲೂಟೋ ಸಿಕ್ಕಿದ್ದು 1930ರ ಫೆಬ್ರವರಿಯಲ್ಲಿ, ಅವರು ತೀರಿಕೊಂಡದ್ದೂ ಅದೇ ವರ್ಷ. ಕೃಷ್ಣೆಯ ಹಿನ್ನೀರಿಗೆ ಅರ್ಧ ಊರು ಕೊಟ್ಟು ನವನಗರ ಕಟ್ಟಿಕೊಂಡ ನಮ್ಮೂರಿನವರಲ್ಲಿ ಈಗ ಎಷ್ಟು ಮಂದಿಗೆ ಈ ಹೆಸರು ಗೊತ್ತಿದೆಯೋ.

ಹೊಸ ಲೆಕ್ಕ ಬಂದ ಕೂಡಲೆ ಜಗಳ ಮುಗಿಯಬೇಕಿತ್ತು. ಮುಗಿಯಲಿಲ್ಲ, ಎರಡು ಕಾರಣಕ್ಕೆ. ಒಂದು, ಹಳೆಯ ರೂಢಿಯಲ್ಲಿ ಬಾಣವೃದ್ಧಿ ರಸಕ್ಷಯ ಅಂತ ಒಂದು ಮಾತಿದೆ. ಬಾಣ ಅಂದರೆ ಐದು, ರಸ ಅಂದರೆ ಆರು. ತಿಥಿ 60 ಘಳಿಗೆಗಿಂತ ಐದು ಹೆಚ್ಚಬಹುದು, ಆರು ಕಡಿಮೆಯಾಗಬಹುದು, ಅಷ್ಟೇ. ನಿಜವಾದ ಚಂದ್ರ ಈ ಬೇಲಿ ಹಾರುತ್ತಾನೆ. ತಿಥಿ 20 ಗಂಟೆಗೂ ಇಳಿಯುತ್ತದೆ, ಇಪ್ಪತ್ತಾರೂಮುಕ್ಕಾಲು ಗಂಟೆಗೂ ಬೆಳೆಯುತ್ತದೆ. ಘಳಿಗೆಯಲ್ಲಿ ಹೇಳುವುದಾದರೆ ಸುಮಾರು 50ರಿಂದ 67. "ನಮ್ಮ ನಿರ್ಣಯ ಗ್ರಂಥಗಳೆಲ್ಲ 54-65ರ ತಿಥಿಗೆ ಬರೆದವು, ನಿಮ್ಮ ತಿಥಿಗೆ ಅವು ಹೊಂದುವುದಿಲ್ಲ" ಅನ್ನುವುದು ಪಂಡಿತರ ವಾದ. ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕುವುದು ಸುಲಭ, ಆದರೆ ಆ ವಾದದಲ್ಲಿ ಹುರುಳಿದೆ. ದ್ವಾದಶಿ ಮುಗಿಯುವುದರೊಳಗೆ ಪಾರಣೆ ಆಗಬೇಕು. ಅಂಬರೀಷ ದೂರ್ವಾಸರಿಗೆ ಕಾಯುತ್ತಾ ಕೊನೆಗೆ ನೀರು ಕುಡಿದು ಪಾರಣೆ ಮಾಡಿದ ಕಥೆ ನಿಮಗೆ ಗೊತ್ತೇ ಇದೆ. ತಿಥಿ ಕುಗ್ಗಿದರೆ ನಸುಕಿನ ಮೂರಕ್ಕೆ ಎದ್ದು ಒಲೆ ಹಚ್ಚುವವಳು ಯಾರು? ಸಾಧನೀ ದ್ವಾದಶಿ ದಿನ ನಮ್ಮನೆಯಲ್ಲಿ ಮಕ್ಕಳನ್ನೂ ಕತ್ತಲಲ್ಲೇ ಎಬ್ಬಿಸಿ ಊಟಕ್ಕೆ ಕೂರಿಸುತ್ತಿದ್ದರು. ಅರ್ಧ ನಿದ್ದೆಯಲ್ಲಿ ತಿಂದ ಅಗಸೆಸೊಪ್ಪಿನ ಪಲ್ಯದ ರುಚಿ ಇನ್ನೂ ಇದೆ.

ಎರಡನೆಯದು ಅಯನಾಂಶ. ರಾಶಿಚಕ್ರ ಎಲ್ಲಿ ಶುರು ಅಂತ. ಕೇತಕರರು ಚಿತ್ತಾ ನಕ್ಷತ್ರಕ್ಕೆ ಎದುರಿನ ಬಿಂದು ಅಂದರು, ಬಾಲಗಂಗಾಧರ ತಿಲಕರು ರೇವತಿಯ ಪಕ್ಷ. ವ್ಯತ್ಯಾಸ ಸುಮಾರು 4 ಡಿಗ್ರಿ. ತಮಾಷೆ ಅಂದರೆ ಇದರಿಂದ ತಿಥಿಗೆ ಏನೂ ಆಗುವುದಿಲ್ಲ, ತಿಥಿ ಬರೀ ಸೂರ್ಯಚಂದ್ರರ ಅಂತರ ತಾನೆ. ಬದಲಾಗುವುದು ಸಂಕ್ರಾಂತಿ, ನಾಲ್ಕು ದಿನ. ಸಂಕ್ರಾಂತಿ ಇಲ್ಲದ ಚಾಂದ್ರಮಾಸ ಅಧಿಕ, ಆದ್ದರಿಂದ ಕೆಲವು ವರ್ಷ ಅಧಿಕಮಾಸವೇ ಬೇರೆ ತಿಂಗಳಿಗೆ ಹೋಗಿ, ತಿಲಕ ಪಂಚಾಂಗದವರ ಹಬ್ಬ ಒಂದು ತಿಂಗಳು ಆಚೀಚೆ ಆಗುತ್ತದೆ. ಹೊಸ ಲೆಕ್ಕ ಒಪ್ಪಿದವರೇ ತಮ್ಮತಮ್ಮಲ್ಲಿ ಹೀಗೆ ಬಡಿದಾಡುತ್ತಿದ್ದರೆ ಹಳಬರು ಯಾಕೆ ಬದಲಾಗುತ್ತಾರೆ ಹೇಳಿ.

ಸ್ವಾತಂತ್ರ್ಯ ಬಂದ ಮೇಲೆ 1952ರಲ್ಲಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಸರ್ಕಾರ ಒಂದು ಸಮಿತಿ ಮಾಡಿತು. ದೇಶದಲ್ಲಿ ಆಗ 30ರಷ್ಟು ಬೇರೆಬೇರೆ ಪಂಚಾಂಗ ಪದ್ಧತಿ ಇದ್ದವಂತೆ. 1955ರಲ್ಲಿ ವರದಿ, 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಶಕ ಪಂಚಾಂಗ. ಚಿತ್ತಾ ಪಕ್ಷ, ದೃಗ್ಗಣಿತ. ಕನ್ನಡದಲ್ಲೂ ಅಚ್ಚಾಯಿತು. ಸರ್ಕಾರಿ ರಜೆ ಗೊತ್ತುಮಾಡಲು ಉಪಯೋಗಕ್ಕೆ ಬಂತು. ನಮ್ಮ ದೇವರ ಕೋಣೆಯ ಮೊಳೆಗೆ ಮಾತ್ರ ಅದು ಬರಲೇ ಇಲ್ಲ. ಬಂದಿದ್ದರೂ ಅಜ್ಜಿ ಮೂರನೆಯ ಉಪವಾಸ ಶುರು ಮಾಡುತ್ತಿದ್ದಳೋ ಏನೋ :)

ಅಂದಹಾಗೆ ಈಗ ಅಮೆರಿಕದಲ್ಲಿರುವ ಗೆಳೆಯರ ಪಾಡು ಇನ್ನೂ ಮಜಾ. ತಿಥಿ ಮುಗಿಯುವ ಕ್ಷಣ ಜಗತ್ತಿಗೆಲ್ಲ ಒಂದೇ, ಸೂರ್ಯೋದಯ ಅವರವರ ಊರಿನದು. ಬೆಂಗಳೂರಿನಲ್ಲಿ ಬುಧವಾರದ ಏಕಾದಶಿ ಕ್ಯಾಲಿಫೋರ್ನಿಯಾದಲ್ಲಿ ಮಂಗಳವಾರವೇ ಬರಬಹುದು. ಇಲ್ಲಿಂದ ತರಿಸಿದ ಕ್ಯಾಲೆಂಡರ್ ಅಲ್ಲಿನ ಫ್ರಿಜ್ಜಿನ ಮೇಲೆ ಅಂಟಿಸಿದರೆ ಸಾಲದು. ವೈಕುಂಠ ಏಕಾದಶಿ ಇನ್ನೊಂದು ಬಗೆ. ಅದು ಧನುರ್ಮಾಸದ ಶುಕ್ಲ ಏಕಾದಶಿ, ಸೌರಕ್ಕೂ ಚಾಂದ್ರಕ್ಕೂ ಗಂಟು ಹಾಕಿದ್ದು. ಹಾಗಾಗಿ 2024ರ ಕ್ಯಾಲೆಂಡರಿನಲ್ಲಿ ಅದು ಇಲ್ಲವೇ ಇಲ್ಲ, 2025ರಲ್ಲಿ ಜನವರಿ 10 ಮತ್ತು ಡಿಸೆಂಬರ್ 30, ಎರಡು.

ಅಜ್ಜ ಮೊದಲು ಹೋದರು. ಆಮೇಲೆ ದೃಕ್ ಪಂಚಾಂಗ ತರಿಸುವವರು ಯಾರೂ ಇರಲಿಲ್ಲ, ಮಠದ್ದೊಂದೇ ಉಳಿಯುತ್ತದೆ, ಅಜ್ಜಿಗೆ ಇನ್ನು ಒಂದೇ ಉಪವಾಸ ಅಂದುಕೊಂಡಿದ್ದೆವು. ಯುಗಾದಿಗೆ ಎರಡು ದಿನ ಮುಂಚೆ ಅಜ್ಜಿ ನನ್ನ ಕೈಗೆ ದುಡ್ಡು ಕೊಟ್ಟು, "ಅವರ ಪಂಚಾಂಗ ಬಂದಿರಬೇಕು, ತಗೊಂಡು ಬಾ" ಅಂದಳು. ತಂದುಕೊಟ್ಟೆ. ಪೆನ್ಸಿಲಿನಲ್ಲಿ ಎರಡರಲ್ಲೂ ಏಕಾದಶಿಗಳಿಗೆ ಗುರುತು ಹಾಕಿ ಅದೇ ಮೊಳೆಗೆ ತೂಗುಹಾಕಿದಳು.