ಟೈಪ್ 2 ಮಧುಮೇಹದಲ್ಲಿ ತೂಕ ಇಳಿಕೆ

ಟೈಪ್ 2 ಮಧುಮೇಹ ಇರುವವರು ಮೈತೂಕ ಇಳಿಸಿಕೊಂಡರೆ ರಕ್ತದ ಸಕ್ಕರೆ ಹತೋಟಿಗೆ ಬರುತ್ತದೆ; ಕೆಲವರಿಗೆ ಮಾತ್ರೆಯ ಅಗತ್ಯವೇ ಬೀಳುವುದಿಲ್ಲ. ಮಾತ್ರೆ ನಿಲ್ಲಿಸಿ ಕನಿಷ್ಠ ಮೂರು ತಿಂಗಳಾದ ಮೇಲೂ ಎಚ್‌ಬಿಎ1ಸಿ (ಕಳೆದ ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) ಶೇ 6.5ಕ್ಕಿಂತ ಕೆಳಗಿದ್ದರೆ ವೈದ್ಯರು ಅದನ್ನು ಉಪಶಮನ ಎಂದು ಪರಿಗಣಿಸುತ್ತಾರೆ. ತೂಕ ಮರಳಿದರೆ ಕಾಯಿಲೆಯೂ ಮರಳಬಹುದು, ಹಾಗಾಗಿ ಪರೀಕ್ಷೆ ಮಾತ್ರ ತಪ್ಪುವುದಿಲ್ಲ.

ಶುಗರ್ ಒಮ್ಮೆ ಬಂದರೆ ಹೋಗುವುದಿಲ್ಲ ಎಂಬ ನಂಬಿಕೆಯನ್ನು ಅಲುಗಾಡಿಸಿದವರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ರಾಯ್ ಟೇಲರ್ ಪ್ರಮುಖರು. ಲಿವರ್‌ನಲ್ಲೂ ಮೇದೋಜೀರಕ ಗ್ರಂಥಿಯಲ್ಲೂ ತುಂಬಿಕೊಂಡ ಕೊಬ್ಬೇ ಕಾಯಿಲೆಯ ಮೂಲ ಎಂಬುದು 2008ರಲ್ಲಿ ಅವರು ಮುಂದಿಟ್ಟ ವಾದ. 2011ರಲ್ಲಿ 11 ಮಂದಿಗೆ ಎಂಟು ವಾರ ದಿನಕ್ಕೆ ಸುಮಾರು 600 ಕ್ಯಾಲೊರಿಯ ಆಹಾರ ಕೊಟ್ಟು ನೋಡಿದರು. ಒಂದೇ ವಾರದಲ್ಲಿ ಅವರ ಖಾಲಿ ಹೊಟ್ಟೆಯ ಸಕ್ಕರೆ ಸಹಜ ಮಟ್ಟಕ್ಕೆ ಇಳಿದಿತ್ತು.

ಮುಂದೆ ಗ್ಲಾಸ್ಗೋದ ಮೈಕ್ ಲೀನ್ ಜೊತೆಗೂಡಿ ನಡೆಸಿದ ‘ಡೈರೆಕ್ಟ್’ ಪ್ರಯೋಗದಲ್ಲಿ 306 ಮಂದಿ ಇದ್ದರು. ಎಲ್ಲರಿಗೂ ಮಧುಮೇಹ ಬಂದು ಆರು ವರ್ಷದೊಳಗಾಗಿತ್ತು, ಯಾರೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಿರಲಿಲ್ಲ. ಅವರಲ್ಲಿ ಅರ್ಧ ಜನರಿಗೆ ಮೂರರಿಂದ ಐದು ತಿಂಗಳು ಸೂಪು, ಶೇಕ್‌ಗಳ ರೂಪದಲ್ಲಿ ದಿನಕ್ಕೆ 825ರಿಂದ 853 ಕ್ಯಾಲೊರಿ ಮಾತ್ರ ಕೊಡಲಾಯಿತು. ವರ್ಷ ಕಳೆಯುವಾಗ ಆ ಗುಂಪಿನ ಶೇ 46ರಷ್ಟು ಜನ ಉಪಶಮನದಲ್ಲಿದ್ದರು. 15 ಕಿಲೊ ಅಥವಾ ಹೆಚ್ಚು ಇಳಿಸಿದವರಲ್ಲಂತೂ ಶೇ 86. ಎರಡನೇ ವರ್ಷಕ್ಕೆ 46 ಎಂಬುದು 36ಕ್ಕೆ ಇಳಿಯಿತು. ಇಳಿಸುವುದಕ್ಕಿಂತ ಇಳಿದದ್ದನ್ನು ಉಳಿಸಿಕೊಳ್ಳುವುದೇ ಕಷ್ಟ.

ಪತ್ರಿಕೆಗಳಲ್ಲಿ 800 ಕ್ಯಾಲೊರಿಯ ಸುದ್ದಿ ಬಂದಷ್ಟು ಇನ್ನೊಂದು ಸಂಗತಿ ಬರಲಿಲ್ಲ: ಆಹಾರ ಇಳಿಸಿದ ಮೊದಲ ದಿನವೇ ಆ ಗುಂಪಿನವರ ಶುಗರ್ ಮತ್ತು ಬಿಪಿ ಮಾತ್ರೆಗಳನ್ನು ವೈದ್ಯರು ನಿಲ್ಲಿಸಿದ್ದರು. ಮಧುಮೇಹಿಯ ತೂಕ ಇಳಿಕೆ ಸುರಕ್ಷಿತವಾಗುವುದು ಇಲ್ಲಿ. ಊಟ ಅರ್ಧಕ್ಕೆ ಇಳಿಸಿ ಮಾತ್ರೆಯನ್ನು ಮೊದಲಿನಷ್ಟೇ ನುಂಗಿದರೆ ಕೆಲವು ಮಾತ್ರೆಗಳಿಂದ ಅಪಾಯವಾಗಬಹುದು. ಹಾಗೆಂದು ಮಾತ್ರೆಯನ್ನು ತಾವೇ ಬಿಡುವುದೂ ಸಲ್ಲ.

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಜಾತಿಯ ಮಾತ್ರೆಗಳು ಹೊಟ್ಟೆಯಲ್ಲಿ ಅನ್ನ ಇದೆಯೋ ಇಲ್ಲವೋ ನೋಡದೆ ಇನ್ಸುಲಿನ್ ಹೊರಡಿಸುತ್ತವೆ. ಏಕಾದಶಿಯೆಂದು ಬೆಳಿಗ್ಗೆ ಮಾತ್ರೆ ನುಂಗಿ ಉಪವಾಸ ಕೂತವರಿಗೆ ಮಧ್ಯಾಹ್ನದ ಹೊತ್ತಿಗೆ ಕೈ ನಡುಗಿ, ಬೆವರಿ, ಮಾತು ತೊದಲುವುದು ಇದರಿಂದಲೇ. ರಕ್ತದ ಸಕ್ಕರೆ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಸುಮಾರು 15 ಗ್ರಾಂ, ಅಂದರೆ ಮೂರು ಚಹಾ ಚಮಚ ಸಕ್ಕರೆ ತಿಂದು ಕಾಲು ಗಂಟೆ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಇದರಲ್ಲೂ ಒಂದು ತೊಡಕಿದೆ. ನಮ್ಮಲ್ಲಿ ಬಳಕೆಯಲ್ಲಿರುವ ಕೆಲವು ಮಾತ್ರೆಗಳಲ್ಲಿ ವೊಗ್ಲಿಬೋಸ್ ಸೇರಿರುತ್ತದೆ. ಅದು ಸಾಮಾನ್ಯ ಸಕ್ಕರೆ ಬೇಗ ಜೀರ್ಣವಾಗದಂತೆ ತಡೆಯುತ್ತದೆ. ಅಂಥವರ ಜೇಬಿನಲ್ಲಿ ಗ್ಲುಕೋಸ್ ಪುಡಿಯೇ ಇರಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳ ತೊಂದರೆ ಬೇರೆ. ಉಪವಾಸ ಮಾಡಿದರೆ ಅಥವಾ ಅನ್ನ-ಚಪಾತಿಯನ್ನು ಪೂರ್ತಿ ಬಿಟ್ಟರೆ ರಕ್ತದಲ್ಲಿ ಕೀಟೋನ್ ಆಮ್ಲ ಏರಬಹುದು. ಮೀಟರ್‌ನಲ್ಲಿ ಸಕ್ಕರೆ ಅಷ್ಟೇನೂ ಹೆಚ್ಚು ಕಾಣದಿರುವುದರಿಂದ ವಾಂತಿ, ಏದುಸಿರು ಶುರುವಾದರೂ ಮನೆಯವರಿಗೆ ಸುಳಿವು ಸಿಗುವುದಿಲ್ಲ. ಇವುಗಳ ಮುಂದೆ ಮೆಟ್‌ಫಾರ್ಮಿನ್ ಸಾಧು. ಅದೊಂದನ್ನೇ ತೆಗೆದುಕೊಳ್ಳುವವರಲ್ಲಿ ಸಕ್ಕರೆ ತೀರಾ ಕುಸಿಯುವುದು ಅಪರೂಪ.

ತೂಕ ತೀರಾ ವೇಗವಾಗಿ ಇಳಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು, ಸ್ನಾಯುವೂ ಕರಗುತ್ತದೆ. ಬಹುಕಾಲ ಏರಿದ್ದ ಸಕ್ಕರೆ ಥಟ್ಟನೆ ಇಳಿದಾಗ ಕಣ್ಣಿನ ಅಕ್ಷಿಪಟದ ತೊಂದರೆ ಕೆಲಕಾಲ ಉಲ್ಬಣಿಸುವುದುಂಟು. ಪಾದದ ಸ್ಪರ್ಶಜ್ಞಾನ ಕುಂದಿದವರು ನಡಿಗೆ ಆರಂಭಿಸುವ ಮೊದಲು ಸರಿಯಾದ ಪಾದರಕ್ಷೆ ಕೊಳ್ಳಬೇಕು.

ಭಾರತೀಯರ ಲೆಕ್ಕ ಬೇರೆ. ಯುರೋಪಿನಲ್ಲಿ ಬಿಎಂಐ 25 ದಾಟಿದರೆ ಅಧಿಕ ತೂಕ, ಇಲ್ಲಿ 23; ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಮೀರಬಾರದು. ನೋಡಲು ತೆಳ್ಳಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಇರುವುದು ನಮ್ಮಲ್ಲಿ ಸಾಮಾನ್ಯ. ಟೇಲರ್ ತಂಡವೇ ಬಿಎಂಐ 27ಕ್ಕಿಂತ ಕಡಿಮೆ ಇದ್ದ 20 ಮಧುಮೇಹಿಗಳ ಮೇಲೆ ನಡೆಸಿದ ಅಧ್ಯಯನದಲ್ಲಿ 14 ಮಂದಿ ಉಪಶಮನಕ್ಕೆ ಬಂದರು. ಅದಕ್ಕೆ ಅವರು ಇಳಿಸಬೇಕಾಗಿ ಬಂದದ್ದು ಮೈತೂಕದ ಸುಮಾರು ಶೇ 6.5 ಮಾತ್ರ.

ಕರ್ನಾಟಕದಲ್ಲಿ ಅನ್ನ ಬಿಟ್ಟು ಮುದ್ದೆ ಹಿಡಿದರೆ ಸಾಕು ಎನ್ನುವವರು ಊರಿಗೊಬ್ಬರಿದ್ದಾರೆ. ರಾಗಿಯಲ್ಲಿ ನಾರು ಹೆಚ್ಚು, ನಿಜ. ಆದರೆ 100 ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ ಅಷ್ಟೇ ರಾಗಿಯಲ್ಲಿ 320. ಎರಡು ದಪ್ಪ ಮುದ್ದೆ ಉಂಡವರ ತೂಕ ಇಳಿಯುವುದಿಲ್ಲ. ಮುದ್ದೆ ಒಂದಕ್ಕೆ ನಿಂತು, ಬಸ್ಸಾರಿನ ಸೊಪ್ಪು-ಕಾಳು ಹೆಚ್ಚಾದರೆ ಲೆಕ್ಕ ಸರಿಹೋಗುತ್ತದೆ. ಉಪವಾಸದ ಸಂಜೆಯ ಸಬ್ಬಕ್ಕಿಯಂತೂ ಬಹುಪಾಲು ಪಿಷ್ಟವೇ.

2025ರಲ್ಲಿ ಟಿರ್ಜೆಪಟೈಡ್ (ಮೌಂಜಾರೊ), ಸೆಮಾಗ್ಲುಟೈಡ್ (ವೆಗೋವಿ) ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಹಸಿವನ್ನು ತಗ್ಗಿಸುವ ಇವುಗಳಿಂದ ತೂಕ ಚೆನ್ನಾಗಿಯೇ ಇಳಿಯುತ್ತದೆ. ನಿಲ್ಲಿಸಿದರೆ ಬಹುಮಟ್ಟಿಗೆ ಮರಳುತ್ತದೆ. ಜೊತೆಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದರೆ ಅದರ ಪ್ರಮಾಣವನ್ನು ವೈದ್ಯರು ಮರುಪರಿಶೀಲಿಸಬೇಕಾಗುತ್ತದೆ.

ಆಹಾರ ಇಳಿಸುವ ಮುನ್ನ ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಸಕ್ಕರೆಯ ದಾಖಲೆಯನ್ನೂ ವೈದ್ಯರಿಗೆ ತೋರಿಸಬೇಕು. ಟೈಪ್ 1 ಮಧುಮೇಹಿಗಳು, ಗರ್ಭಿಣಿಯರು ಮತ್ತು ಕಿಡ್ನಿ ತೊಂದರೆ ಇರುವವರು 800 ಕ್ಯಾಲೊರಿಯ ಪಥ್ಯವನ್ನು ಸ್ವಂತ ನಿರ್ಧಾರದಿಂದ ಹಿಡಿಯಲೇಬಾರದು.