ಕಾಡಿನೊಳಗೆ ಮರೆಯಾದ ಹೋಟೆಲು

ಪ್ರವಾಸಿ ತಾಣದಲ್ಲಿ ಹೊಸ ಹೋಟೆಲು ಕಟ್ಟುವವರು ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಬಯಸುತ್ತಾರೆ. ಕಟ್ಟಡ ದೂರದಿಂದಲೇ ಕಣ್ಣಿಗೆ ಬೀಳಬೇಕು. ಜನ ನೋಡಲು ಬರುವ ಸ್ಥಳ ಹೋಟೆಲಿನ ಬಾಗಿಲಲ್ಲೇ ಇರಬೇಕು. ಶ್ರೀಲಂಕಾದ ದಂಬುಲ್ಲ ಪಟ್ಟಣದ ಬಳಿ, ಕಂಡಲಮ ಕೆರೆಯ ಪಕ್ಕದ ಗುಡ್ಡಕ್ಕೆ ಒರಗಿ ನಿಂತಿರುವ ಹೋಟೆಲು ಈ ಎರಡೂ ಆಸೆಗಳನ್ನು ಕೈಬಿಟ್ಟು ರೂಪುಗೊಂಡದ್ದು. ಪರಂಪರೆಯ ನೆಲದಲ್ಲಿ ಹೊಸದನ್ನು ಹೇಗೆ ಕಟ್ಟಬೇಕು ಎಂಬ ಚರ್ಚೆ ಬಂದಾಗಲೆಲ್ಲ ಇದರ ಹೆಸರು ಕೇಳಿಬರುವುದು ಆ ಕಾರಣಕ್ಕೆ. ಆದರೆ ಈ ಕಟ್ಟಡಕ್ಕೆ ಎದ್ದ ವಿರೋಧವೂ ಸಣ್ಣದಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಹೋಟೆಲು ಇರುವ ಪ್ರದೇಶ ಎಂಥದು ಎಂಬುದನ್ನು ಮೊದಲು ತಿಳಿಯಬೇಕು. ಅದು ಆ ದ್ವೀಪದ ಒಣ ಸೀಮೆ. ವರ್ಷದ ಕೆಲವೇ ತಿಂಗಳು ಸುರಿಯುವ ಮಳೆಯನ್ನು ಹಿಡಿದಿಟ್ಟು ಭತ್ತ ಬೆಳೆಯಲು ಅಲ್ಲಿನ ಅರಸರೂ ರೈತರೂ ಎರಡು ಸಾವಿರ ವರ್ಷಗಳಿಂದ ಕೆರೆಗಳನ್ನು ಕಟ್ಟಿಕೊಂಡು ಬಂದಿದ್ದಾರೆ. ಸಿಂಹಳದಲ್ಲಿ ಕೆರೆಗೆ 'ವೆವ' ಎಂದು ಹೆಸರು. ಕಂಡಲಮವೂ ಅಂಥದೊಂದು ಹಳೆಯ ವೆವ. ಅದರ ಉತ್ತರಕ್ಕೆ ಸಿಗಿರಿಯದ ಹೆಬ್ಬಂಡೆ. ಐದನೆಯ ಶತಮಾನದಲ್ಲಿ ಕಾಶ್ಯಪ ಎಂಬ ಅರಸ ಅದರ ನೆತ್ತಿಯ ಮೇಲೆ ಅರಮನೆಯನ್ನೂ ಬುಡದಲ್ಲಿ ಉದ್ಯಾನಗಳನ್ನೂ ಕಟ್ಟಿಸಿದ. ಇನ್ನೊಂದು ಕಡೆ ದಂಬುಲ್ಲದ ಬೌದ್ಧ ಗುಹಾದೇವಾಲಯಗಳು. ಸಿಗಿರಿಯ 1982ರಲ್ಲಿ, ದಂಬುಲ್ಲ 1991ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಬದಲಾದ ಜಾಗ

1991ರಲ್ಲಿ ಐಟ್‌ಕೆನ್ ಸ್ಪೆನ್ಸ್ ಎಂಬ ಕಂಪೆನಿ ಇಲ್ಲೊಂದು ದೊಡ್ಡ ಹೋಟೆಲು ಕಟ್ಟಲು ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರನ್ನು ಕೇಳಿಕೊಂಡಿತು. 1919ರಲ್ಲಿ ಜನಿಸಿದ ಬಾವಾ ಮೊದಲು ವಕೀಲರಾಗಿದ್ದವರು. 1948ರಲ್ಲಿ ಲುನುಗಂಗ ಎಂಬ ತೋಟವನ್ನು ಕೊಂಡು, ಅದನ್ನು ತಿದ್ದುತ್ತ ತಿದ್ದುತ್ತ ಕಟ್ಟಡಗಳತ್ತ ಒಲಿದರು. ಲಂಡನ್ನಿನಲ್ಲಿ ಓದಿ 1957ರಲ್ಲಿ, ಮೂವತ್ತೆಂಟರ ವಯಸ್ಸಿನಲ್ಲಿ ವಾಸ್ತುಶಿಲ್ಪಿಯಾದರು. ಶ್ರೀಲಂಕಾದ ಸಂಸತ್ ಭವನ ಅವರದೇ ವಿನ್ಯಾಸ.

ಕಂಪೆನಿಯ ಕೈಯಲ್ಲಿದ್ದುದು ಸಿಗಿರಿಯ ಬಂಡೆಯ ಸಮೀಪದ ಜಾಗ. ವ್ಯಾಪಾರದ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯದು ಸಿಗುವಂತಿರಲಿಲ್ಲ. ಬಾವಾ ಅದನ್ನು ಒಪ್ಪಲಿಲ್ಲ. ದಕ್ಷಿಣಕ್ಕೆ ಹಲವು ಕಿಲೋಮೀಟರ್ ದೂರದಲ್ಲಿ, ಕಂಡಲಮ ಕೆರೆಯ ಅಂಚಿನ ಕಡಿದಾದ ಬಂಡೆಗುಡ್ಡವನ್ನು ಆರಿಸಿದರು. ಇದರಿಂದ ಸಿಗಿರಿಯದ ಬುಡದಲ್ಲಿ ಅಷ್ಟು ದೊಡ್ಡ ಕಟ್ಟಡ ಏಳುವುದು ತಪ್ಪಿತು. ಜೊತೆಗೆ ಹೋಟೆಲಿನವರಿಗೆ ಬಂಡೆಯೊಂದೇ ಅಲ್ಲ, ಕೆರೆ, ಕಾಡು, ಅದರಾಚೆ ದಿಗಂತದಲ್ಲಿ ಸಿಗಿರಿಯ, ಹೀಗೆ ಇಡೀ ಸೀಮೆಯೇ ಕಾಣುವಂತಾಯಿತು. ಈ ಕಟ್ಟಡದ ಮುಖ್ಯ ತೀರ್ಮಾನ ಇದೇ ಎನ್ನಬೇಕು. ಮುಂದಿನದೆಲ್ಲ ಅದರಿಂದ ಹೊರಟದ್ದು.

ಕೆರೆ ಯಾರದು?

ಸುದ್ದಿ ಹಬ್ಬುತ್ತಿದ್ದಂತೆ ಪ್ರತಿಭಟನೆ ಆರಂಭವಾಯಿತು. ಬೌದ್ಧ ಭಿಕ್ಷುಗಳು, ಪರಿಸರವಾದಿಗಳು, ಹಳ್ಳಿಗರು ಒಟ್ಟಾಗಿ ಬೀದಿಗಿಳಿದರು. ಹೋಟೆಲಿನ ಕೊಳಚೆ ಕೆರೆ ಸೇರಿದರೆ ಗತಿಯೇನು, ಕಾಡಿನ ಪಾಡೇನು, ಪವಿತ್ರ ಕ್ಷೇತ್ರದ ಬಳಿ ವಿಲಾಸಿ ಪ್ರವಾಸಿಗಳ ಬೀಡು ತಕ್ಕದ್ದೇ ಎಂಬುದು ಅವರ ಪ್ರಶ್ನೆಗಳಾಗಿದ್ದವು. ಹೊರಗಿನವರಿಗೆ ಕೆರೆ ಒಂದು ನೋಟ. ಹಳ್ಳಿಗರಿಗೆ ಅದು ಗದ್ದೆಯ ನೀರು. ಕಟ್ಟಡ ಎಷ್ಟೇ ಸುಂದರವಾಗಿರಲಿ, ಈ ಪ್ರಶ್ನೆಗಳಿಗೆ ಸೌಂದರ್ಯ ಉತ್ತರವಾಗುವುದಿಲ್ಲ.

ವಿರೋಧದ ನಡುವೆಯೂ ಕೆಲಸ ನಡೆದು, 1990ರ ದಶಕದ ಮಧ್ಯಭಾಗದಲ್ಲಿ ಹೋಟೆಲು ಬಾಗಿಲು ತೆರೆಯಿತು. ಕೊಳಚೆ ನೀರನ್ನು ಶುದ್ಧಗೊಳಿಸಿ ತೋಟಕ್ಕೆ ಬಳಸುವ ಏರ್ಪಾಡು ಅಲ್ಲಿದೆ. ಹಸಿರು ಕಟ್ಟಡಗಳಿಗೆ ಅಮೆರಿಕದ ಮಂಡಳಿಯೊಂದು ನೀಡುವ 'ಲೀಡ್' ಪ್ರಮಾಣಪತ್ರವನ್ನು ಪಡೆದ ಮೊದಮೊದಲ ಹೋಟೆಲುಗಳಲ್ಲಿ ಇದೂ ಒಂದು.

ಬಂಡೆಯೇ ಗೋಡೆ

ನೂರೈವತ್ತಕ್ಕೂ ಹೆಚ್ಚು ಕೊಠಡಿಗಳ ಈ ಹೋಟೆಲು ಗುಡ್ಡದ ಮೈಯನ್ನು ಅನುಸರಿಸಿ, ಬಂಡೆಯನ್ನು ಬಳಸಿಕೊಂಡು ಉದ್ದಕ್ಕೆ ಹರಡಿದೆ. ಬಹುಭಾಗ ಕಂಬಗಳ ಮೇಲೆ ನಿಂತಿರುವುದರಿಂದ ಗುಡ್ಡದಿಂದ ಇಳಿಯುವ ಮಳೆನೀರು ಕಟ್ಟಡದ ಅಡಿಯಲ್ಲೇ ಹರಿದುಹೋಗುತ್ತದೆ. ಬಂದವರು ಗುಹೆಯಂಥ ಬಾಗಿಲಲ್ಲಿ ಒಳಹೊಕ್ಕು, ನಸುಗತ್ತಲ ಹಾದಿಯಲ್ಲಿ ಬಂಡೆಯ ಪಕ್ಕದಲ್ಲೇ ಸಾಗಿದ ಮೇಲೆ ಒಮ್ಮೆಲೇ ಕೆರೆ ಕಾಣುತ್ತದೆ. ಮೆಟ್ಟಿಲುಗಳ ಮೇಲೆ ಕಲಾವಿದ ಲಾಕಿ ಸೇನಾನಾಯಕೆ ಅವರು ಮಾಡಿದ ಲೋಹದ ದೊಡ್ಡ ಗೂಬೆ ರೆಕ್ಕೆ ಬಿಚ್ಚಿದೆ. ಹೊರಮೈಗೆ ಮರದ ಚೌಕಟ್ಟುಗಳು, ಅವುಗಳ ಮೇಲೆ ಬಳ್ಳಿಗಳು. ಮಾಳಿಗೆಯ ಮೇಲೆ ಗಿಡಗಂಟಿ. ಕೆರೆಯ ಆಚೆ ದಡದಿಂದ ನೋಡಿದರೆ ಕಾಡು ಯಾವುದು, ಕಟ್ಟಡ ಯಾವುದು ಎಂದು ಹೇಳುವುದು ಕಷ್ಟ.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪರಂಪರೆ ಎಂದೊಡನೆ ಹೆಂಚಿನ ಮಾಡು, ಕೆತ್ತನೆಯ ಕಂಬ ಎಂದು ಭಾವಿಸುವುದು ವಾಡಿಕೆ. ಬಾವಾ ಅವರೇ 1960ರ ದಶಕದ ಕೊನೆಯಲ್ಲಿ ಬೆಂಟೋಟದ ಕಡಲತೀರದ ಹೋಟೆಲಿಗೆ ಹೆಂಚಿನ ಇಳಿಜಾರು ಮಾಡು ಹೊದಿಸಿದ್ದರು. ಕಂಡಲಮದಲ್ಲಿ ಅದನ್ನು ಬಿಟ್ಟು ಕಾಂಕ್ರೀಟಿನ ಚೌಕಟ್ಟು, ಸಮತಟ್ಟಾದ ಮಾಳಿಗೆ ಮಾಡಿದರು. ಮೇಲ್ನೋಟಕ್ಕೆ ಇದರಲ್ಲಿ ಹಳೆಯದೇನೂ ಇಲ್ಲ.

ಆದರೆ ಸುತ್ತಲಿನ ಹಳೆಯ ಕೆಲಸಗಳನ್ನು ನೋಡಿದರೆ ನಂಟು ತಿಳಿಯುತ್ತದೆ. ಸಿಗಿರಿಯದ ಉದ್ಯಾನ ಕಟ್ಟಿದವರು ಗುಂಡುಗಳನ್ನು ಒಡೆದು ನೆಲ ಸಮ ಮಾಡಲಿಲ್ಲ. ಅವುಗಳ ನಡುವೆಯೇ ದಾರಿ, ಮೆಟ್ಟಿಲು ಮಾಡಿಕೊಂಡರು. ಅಲ್ಲಿನ ಗುಹೆಗಳಲ್ಲಿ ಬಂಡೆಯ ಹಣೆಗೆ ಸಣ್ಣದೊಂದು ಅಂಚು ಕೊರೆದಿರುತ್ತಾರೆ. ಬಂಡೆಯ ಮೇಲಿಂದ ಜಾರುವ ಮಳೆನೀರು ಒಳಗೆ ಬಾರದೆ ಆ ಅಂಚಿನಿಂದ ಹೊರಗೇ ತೊಟ್ಟಿಕ್ಕುತ್ತದೆ. ಇದ್ದ ಕಲ್ಲನ್ನು ಇದ್ದಂತೆ ಬಿಟ್ಟು, ನೀರಿನ ದಾರಿ ಅರಿತು, ಬೇಕಾದಷ್ಟೇ ತಿದ್ದುವ ಈ ವಿವೇಕ ಕಂಡಲಮದಲ್ಲೂ ಕಾಣುತ್ತದೆ. ರೂಪ ಹೊಸದಾದರೂ ಕಟ್ಟುವ ರೀತಿ ಹಳೆಯದೇ.

ಬಾವಾ 2003ರಲ್ಲಿ ತೀರಿಕೊಂಡರು. ಅವರ ಹೋಟೆಲನ್ನು ಇಂದು ಗಿಡಬಳ್ಳಿ ಬಹುಪಾಲು ಮುಚ್ಚಿದೆ. ಬಾಲ್ಕನಿಗೆ ಮಂಗಗಳು ಬಂದುಹೋಗುತ್ತವೆ. ಪ್ರತಿಭಟನೆಗೆ ಇಳಿದವರ ಭಯ ಸುಳ್ಳಾಗಿತ್ತು ಎಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ. ಒಂದು ಒಳ್ಳೆಯ ಕಟ್ಟಡದ ಹಿಂದೆ, ಅದರ ಹೆಸರಿನಿಂದಲೇ ಆಕರ್ಷಿತವಾಗಿ ಹತ್ತು ಸಾಧಾರಣ ಕಟ್ಟಡಗಳು ಬಂದಾವು. ಆಗ ಕೆರೆಯ ಪ್ರಶ್ನೆ ಮತ್ತೆ ಏಳುತ್ತದೆ. ಕಂಡಲಮವನ್ನು ಮಾದರಿ ಎನ್ನುವವರು ಅದರ ಬಳ್ಳಿಗಳನ್ನು ಮಾತ್ರ ಅನುಕರಿಸಿದರೆ ಸಾಲದು. ಎಲ್ಲಿ ಕಟ್ಟಬಾರದು ಎಂಬುದನ್ನೂ, ಆ ನೆಲದ ನೀರನ್ನು ನಂಬಿದವರು ಏನು ಹೇಳುತ್ತಾರೆ ಎಂಬುದನ್ನೂ ನಕ್ಷೆ ಬರೆಯುವ ಮೊದಲೇ ಕೇಳಿಕೊಳ್ಳಬೇಕು.