ಕರ್ನಾಟಕ ರಣಜಿ ತಂಡ: 1973–74ರ ಋತು

ರಾಷ್ಟ್ರೀಯ ಕ್ರಿಕೆಟ್ ಪಂದ್ಯಾವಳಿಯಾದ ರಣಜಿ ಟ್ರೋಫಿಯನ್ನು ಕರ್ನಾಟಕ ಮೊದಲ ಸಲ ಗೆದ್ದ ವರ್ಷ ಇದು. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅಲ್ಲಿಯವರೆಗೆ ಮೈಸೂರು ಎನಿಸಿಕೊಂಡಿದ್ದ ತಂಡ ಹೊಸ ಹೆಸರು ಹೊತ್ತು ಆಡಿದ ಮೊದಲ ಋತುವಿನಲ್ಲೇ ಕಪ್ ತಂದಿತು.

ಮೈಸೂರು ತಂಡದ ಆರಂಭ ಕಹಿಯಾಗಿತ್ತು. 1934ರಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ನಡೆದ ರಣಜಿಯ ಮೊಟ್ಟಮೊದಲ ಪಂದ್ಯದಲ್ಲಿ ಅದು ಮದ್ರಾಸ್ ಎದುರು ಒಂದೇ ದಿನದಲ್ಲಿ ಇನಿಂಗ್ಸ್ ಸೋಲು ಕಂಡಿತು. 1941–42 ಮತ್ತು 1959–60ರಲ್ಲಿ ಫೈನಲ್ ತಲುಪಿದರೂ ಎರಡು ಸಲವೂ ಬಾಂಬೆಗೆ ಮಣಿಯಿತು. ಆ ಬಾಂಬೆ ತಂಡವೇ 1958–59ರಿಂದ 1972–73ರವರೆಗೆ ಸತತ 15 ವರ್ಷ ಟ್ರೋಫಿಯನ್ನು ಬೇರೆಯವರ ಕೈಗೆ ಬಿಡಲಿಲ್ಲ.

ಆದ್ದರಿಂದ 1974ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಬಾಂಬೆ ಎದುರು ನಡೆದ ಸೆಮಿಫೈನಲ್ಲೇ ಈ ಋತುವಿನ ತಿರುಳು. ಕರ್ನಾಟಕ ಮೊದಲು ಆಡಿ 385 ರನ್ ಗಳಿಸಿತು. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಬಾಂಬೆಯ ಸರದಿ ಬಂದಾಗ ಸುನಿಲ್ ಗಾವಸ್ಕರ್ ಕಾಲೂರಿ ನಿಂತಿದ್ದರು. ನಾಯಕ ಎರಪಳ್ಳಿ ಪ್ರಸನ್ನ ಗಾಳಿಯಲ್ಲಿ ತೇಲಿಬಿಟ್ಟ ಒಂದು ಚೆಂಡು ಅವರನ್ನು 30 ರನ್ನಿಗೆ ಬೌಲ್ಡ್ ಮಾಡಿತು. ಆ ಚೆಂಡಿನ ಮಾತು ಬೆಂಗಳೂರಿನ ಹಳೆಯ ಕ್ರಿಕೆಟ್ ಪ್ರೇಮಿಗಳ ಬಾಯಲ್ಲಿ ಇಂದಿಗೂ ಇದೆ. ಆಮೇಲೆ ಪಂದ್ಯವನ್ನು ಬಾಂಬೆಯತ್ತ ಎಳೆಯುತ್ತಿದ್ದ ನಾಯಕ ಅಜಿತ್ ವಾಡೇಕರ್ ಕಾಲು ಜಾರಿ ರನೌಟಾದರು. ಬಾಂಬೆ 307ಕ್ಕೆ ಮುಗಿಯಿತು. ಪಂದ್ಯ ಡ್ರಾ ಆದರೂ 78 ರನ್ನುಗಳ ಮೊದಲ ಇನಿಂಗ್ಸ್ ಮುನ್ನಡೆ ಕರ್ನಾಟಕವನ್ನು ದಾಟಿಸಿತು. ಜೈಪುರದ ಫೈನಲ್‌ನಲ್ಲಿ ರಾಜಸ್ಥಾನದ ಮೇಲೆ 185 ರನ್ನುಗಳ ಗೆಲುವು ದಕ್ಕಿತು.

ತಂಡದ ಬಲ ಸ್ಪಿನ್. ಪ್ರಸನ್ನ ಆಫ್ ಸ್ಪಿನ್ನರ್. ಬ್ಯಾಟುಗಾರನ ಆಸೆಯನ್ನು ಕೆಣಕಿ ಕೆಡಹುವುದು ಅವರ ಪಟ್ಟು. ಅವರಿಗೆ ಟೆಸ್ಟ್‌ನಲ್ಲಿ ಒಟ್ಟು 189 ವಿಕೆಟ್ ಸಿಕ್ಕವು. ಮೈಸೂರಿನ ಬಿ.ಎಸ್. ಚಂದ್ರಶೇಖರ್ ಬಾಲ್ಯದಲ್ಲಿ ಪೋಲಿಯೊದಿಂದ ಸೊರಗಿದ ಬಲಗೈಯಿಂದಲೇ ವೇಗವಾಗಿ ಲೆಗ್ ಸ್ಪಿನ್ ಹಾಕುತ್ತಿದ್ದರು. 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಭಾರತಕ್ಕೆ ಇಂಗ್ಲೆಂಡ್ ನೆಲದಲ್ಲಿ ಮೊದಲ ಟೆಸ್ಟ್ ಜಯ ತಂದುಕೊಟ್ಟವರೂ ಅವರೇ. ಇಂಥ ಇಬ್ಬರಿಗೆ ವಿಕೆಟ್ ಹಿಂದೆ ನಿಂತು ಕೀಪಿಂಗ್ ಮಾಡುವುದು ಸಣ್ಣ ಕೆಲಸವಲ್ಲ. ಅದನ್ನು ಮಾಡಿದ ಸೈಯದ್ ಕಿರ್ಮಾನಿ ಮುಂದೆ 1983ರ ವಿಶ್ವಕಪ್ ಗೆದ್ದ ತಂಡದಲ್ಲಿದ್ದರು. ಬ್ರಿಜೇಶ್ ಪಟೇಲ್ 1974ರ ಇಂಗ್ಲೆಂಡ್ ಪ್ರವಾಸದಲ್ಲಿ ಟೆಸ್ಟ್ ಆಡಿದರು.

ಈ ಗೆಲುವನ್ನು ಬೆಂಗಳೂರು, ಮೈಸೂರುಗಳ ಗೆಲುವೆಂದಷ್ಟೇ ನೋಡಬಾರದು. ಉತ್ತರ ಕರ್ನಾಟಕದ ರೋಣ, ಗಜೇಂದ್ರಗಡ, ಪುರ್ತಗೇರಿಯಂಥ ಊರುಗಳ ಸೀಮೆ 1956ರವರೆಗೆ ಮುಂಬಯಿ ರಾಜ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಏಕೀಕರಣವಾಗಿ 17 ವರ್ಷ ಕಳೆದ ಮೇಲೆ ಸಿಕ್ಕ ಹೆಸರು ಈ ಊರುಗಳದ್ದೂ ಹೌದು. ಆದರೆ ಚಾಂಪಿಯನ್ ತಂಡದ ಮುಖ್ಯ ಆಟಗಾರರು ಹಳೆಯ ಮೈಸೂರು ಭಾಗದಲ್ಲೇ ಪಳಗಿದವರಾಗಿದ್ದರು. ಮೈದಾನ, ತರಬೇತಿ, ಲೀಗ್ ಪಂದ್ಯಗಳೆಲ್ಲ ಅಲ್ಲಿಯೇ ಬಲವಾಗಿದ್ದವು.

ಉತ್ತರ ಭಾಗದ ಆ ಕೊರತೆಯನ್ನು ಮುಂದೆ ತುಂಬಿದವರಲ್ಲಿ ಗದುಗಿನ ಸುನಿಲ್ ಜೋಶಿ ಪ್ರಮುಖರು. ಹುಡುಗನಾಗಿದ್ದಾಗ ಅಭ್ಯಾಸಕ್ಕೆಂದು ಬೆಳಗ್ಗೆ ಹುಬ್ಬಳ್ಳಿಗೆ ಹೋಗಿ, ಮತ್ತೆ ಗದುಗಿಗೆ ಬಂದು ಶಾಲೆ ಸೇರುತ್ತಿದ್ದ ಈ ಎಡಗೈ ಸ್ಪಿನ್ನರ್, 1995–96ರ ರಣಜಿ ಋತುವಿನಲ್ಲಿ 500ಕ್ಕೂ ಹೆಚ್ಚು ರನ್ ಹೊಡೆದು 50ಕ್ಕೂ ಹೆಚ್ಚು ವಿಕೆಟ್ ಪಡೆದರು. ಆ ವರ್ಷವೂ ಟ್ರೋಫಿ ಕರ್ನಾಟಕಕ್ಕೇ ಬಂತು.